ನೀರಿಗೆ ಹೋಗದ ಶಾಯಿ

ನವೆಂಬರ್ 3, ಸೋಮವಾರ

ಅಪ್ಪ ಇವತ್ತು ಮತ್ತೆ ಮಾರುಕಟ್ಟೆಗೆ ಹೋದ. ಜೊತೆಗೆ ನಾನೂ ಹೋದೆ. ಹೋಗುತ್ತೇನೆಂದು ಹೇಳಿದ್ದು ನಾನಲ್ಲ, ಅಮ್ಮ. “ಕೆಮ್ಮು ಹತ್ಕೊಂಡ್ರೆ ನಾಲ್ಕು ಜನಾನ ಕೂಗಿ ಕರೆಯೋಕಾದ್ರೂ ಒಬ್ರು ಬೇಡ್ವಾ? ನೀನೇನು ಮನೇಲಿ ಕೂತು ರಾಜ್ಯ ಆಳ್ತಿದ್ದೀಯಾ?” ಎಂದಳು. ಸಾಹಿತ್ಯದಲ್ಲಿ ಪದವಿ ಪಡೆದು ಕಿಟಕಿಯ ಪಕ್ಕ ಕೂತವಳು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಕೂಗಿ ಕರೆಯುವ ಕೆಲಸಕ್ಕೆ ನನ್ನನ್ನು ಕಳಿಸುವುದು ಎಂಥ ತಮಾಷೆಯೆಂದು ಅವಳಿಗೂ ಹೊಳೆದಿರಬೇಕು, ಒಲೆಯ ಕಡೆ ತಿರುಗಿಬಿಟ್ಟಳು.

ಸಗಟು ಮೀನು ಮಾರುಕಟ್ಟೆಯಲ್ಲಿ ಅಪ್ಪ ಹರಾಜು ಕೂಗುತ್ತಿದ್ದ. ಕಟ್ಟೆಯ ಮೇಲೆ ನಿಂತು ಕೂಗಿದರೆ ರಸ್ತೆಯಾಚೆಯ ಐಸ್ ಕಾರ್ಖಾನೆಯವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರಂತೆ. ಮನೆಯಲ್ಲೂ ಹಾಗೆಯೇ, ಉಪ್ಪು ಬೇಕಾದರೂ ಹರಾಜು ಕೂಗಿದಂತೆ ಕೇಳುತ್ತಿದ್ದ. ಅವನ ಮಾತು ಮನೆಯನ್ನೆಲ್ಲ ತುಂಬಿಕೊಂಡಿದ್ದರಿಂದ ನನ್ನ ಮಾತಿಗೆ ಜಾಗ ಬೇಕೆಂದು ನನಗೆ ಅನ್ನಿಸಿದ್ದೇ ಇಲ್ಲ. “ಏ ಮೂಗೀ, ಬಾಯಲ್ಲೇನು ಮುತ್ತಿಟ್ಕೊಂಡಿದ್ದೀಯಾ? ಉಗುಳು, ನಾನು ಆರಿಸ್ಕೋತೀನಿ” ಎನ್ನುತ್ತಿದ್ದ. ಬೇಸಿಗೆಯಲ್ಲಿ ಗಂಟಲ ಕ್ಯಾನ್ಸರಿಗೆ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯ ಕೆಳಗಿನ ತೂತಿನಿಂದ ಉಸಿರಾಡುತ್ತಾನೆ. ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ, ಆ ‘ಮೂಗಿ’ ಎಂಬ ಮಾತು ಇನ್ನು ಈ ಮನೆಯಲ್ಲಿ ಬರಕೂಡದು ಎಂದಳು. ಆಡುವವನೇ ಆಡಲಾರದವನಾದ ಮೇಲೆ ಬರುವುದಾದರೂ ಹೇಗೆ?

ಮಾರುಕಟ್ಟೆಯ ಕಾರ್ಯದರ್ಶಿಗಳು ಅಪ್ಪನಿಗೆ ಚೀಟಿ ಬರೆಯುವ ಕೆಲಸ ಕೊಟ್ಟಿದ್ದಾರೆ. ಕ್ರೇಟು ತಕ್ಕಡಿಗೆ ಬರುತ್ತದೆ; ಮೀನಿನ ಹೆಸರು, ತೂಕ, ದೋಣಿಯ ಗುರುತು ಬರೆದು ಐಸಿನ ಮೇಲೆ ಚೀಟಿ ಸಿಕ್ಕಿಸಬೇಕು; ಕಟ್ಟೆಯ ಮೇಲಿರುವ ಹೊಸ ಕೂಗುಗಾರ ಅದನ್ನು ಓದಿ ಹರಾಜು ಶುರುಮಾಡುತ್ತಾನೆ. ಇವನು ಅಪ್ಪನ ಕೈಕೆಳಗೇ ಕಲಿತವನು. ಅಪ್ಪ ಇಟ್ಟ ಹೆಸರು ಕಹಳೆ.

ಕತ್ತು ಕೊಯ್ದಾಗ ಯಾವುದೋ ನರ ಹೋಗಿ ಅಪ್ಪನ ಬಲಭುಜ ಜೋತುಬಿದ್ದಿದೆ. ಬಾಲ್‌ಪೆನ್ನು, ಪೆನ್ಸಿಲ್ಲು ಒತ್ತಿ ಬರೆಯುವಷ್ಟು ಬಲ ಬೆರಳಿಗಿಲ್ಲ. ಮಾರ್ಕರ್ ಪೆನ್ನು ತೆರೆದರೆ ಅದರ ಘಾಟು ನೇರವಾಗಿ ಕುತ್ತಿಗೆಯ ತೂತಿಗೆ ಇಳಿದು ಕೆಮ್ಮು ನಿಲ್ಲುವುದಿಲ್ಲ. ಒತ್ತದೆ ಬರೆಯುವುದು ಶಾಯಿ ಪೆನ್ನು ಮಾತ್ರ. ಮನೆಯಲ್ಲಿರುವುದು ಒಂದೇ: ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಬಹುಮಾನವಾಗಿ ಬಂದದ್ದು, ಈ ದಿನಚರಿ ಬರೆಯುವುದೂ ಅದರಲ್ಲೇ. ಬೆಳಿಗ್ಗೆ ಅವನಿಗೆ, ಸಂಜೆ ನನಗೆ ಎಂದು ಒಪ್ಪಂದವಾಯಿತು.

ಆದರೆ ಅದರಲ್ಲಿದ್ದದ್ದು ಶಾಲಾ ಮಕ್ಕಳ ನೀಲಿ ಶಾಯಿ. ಐಸು ಕರಗಿ ಚೀಟಿಗೆ ತಾಗಿದ್ದೇ ತಡ, ಬಂಗುಡೆಯ ಮೇಲೆಲ್ಲ ನೀಲಿ ಹರಿಯಿತು. ಕಹಳೆ ಒಂದು ಚೀಟಿಯನ್ನು ಎತ್ತಿ ಹಿಡಿದು, “ಇದೇನಣ್ಣಾ, ತೂಕ ಬರಿ ಅಂದ್ರೆ ಸಮುದ್ರ ಬರೆದಿದ್ದೀಯಲ್ಲ!” ಎಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವನ ನಗುವಿಗೆ ಈಗ ಸದ್ದಿಲ್ಲ, ಎಡಭುಜ ಮಾತ್ರ ಕುಣಿಯುತ್ತದೆ.

ಕ್ರೇಟುಗಳನ್ನು ಮತ್ತೆ ತೂಗಬೇಕಾಯಿತು. ಕಾರ್ಯದರ್ಶಿಗಳು ಮೆಲ್ಲಗೆ, “ಚೀಟಿ ಓದೋಕಾಗ್ಬೇಕಣ್ಣಾ. ವರ್ಷ ಮುಗಿಯೋವರೆಗೂ ನೋಡೋಣ. ಆಗ್ಲಿಲ್ಲಾಂದ್ರೆ ತಕ್ಕಡಿಗೇ ಪ್ರಿಂಟರ್ ಹಾಕ್ಸೋದು, ಬೇರೆ ದಾರಿ ಇಲ್ಲ” ಎಂದರು.

ಮನೆಗೆ ಬಂದು ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟಕ್ಕೂ ಏಳಲಿಲ್ಲ. ನೀರಿಗೆ ಹೋಗದ ಶಾಯಿ ಒಂದು ಇರಲೇಬೇಕು. ಹುಡುಕುವುದು ನನ್ನ ಕೆಲಸ.

ನವೆಂಬರ್ 4

ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ಕಪಾಟಿನ ಮೇಲೆ ಬಾಟಲಿಗಳ ಸಾಲು. ಅಂಗಡಿಯ ಅಜ್ಜ, “ಏನಮ್ಮಾ?” ಎಂದರು. ಹೇಳಿದೆ. “ಏನು?” ಮತ್ತೆ ಹೇಳಿದೆ. “ತುಟಿ ಅಲ್ಲಾಡೋದು ಕಾಣುತ್ತೆ, ಮಾತು ಕೇಳಲ್ಲ. ನಂಗೆ ಕಿವಿ ಮಂದ, ಜೋರಾಗಿ ಹೇಳಮ್ಮ.” ಹಿಂದೆ ನಿಂತವರೆಲ್ಲ ನನ್ನ ಬೆನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಕೈಗೆ ಸಿಕ್ಕ ರಬ್ಬರು ಕೊಂಡು ಹೊರಬಂದೆ.

ಮನೆಯಲ್ಲಿ ಈಗ ನಾಲ್ಕು ರಬ್ಬರುಗಳಿವೆ. ಎಲ್ಲವೂ ಇಂಥ ಸಂದರ್ಭಗಳಲ್ಲೇ ಕೊಂಡವು.

ನವೆಂಬರ್ 6, ಗುರುವಾರ

ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಜ್ಜನಿಗೆ ತೋರಿಸಿದೆ. ಎರಡು ಬಾಟಲಿ ಕೊಟ್ಟರು. ಒಂದು ಕಪ್ಪು, ಮೇಲೆ ‘ಪರ್ಮನೆಂಟ್’ ಎಂದಿದೆ. ಇನ್ನೊಂದು ನೀಲಿಗಪ್ಪು. ಇದರಲ್ಲಿ ಕಬ್ಬಿಣ ಬೆರೆತಿದೆಯಂತೆ, ಬರೆದಾಗ ನೀಲಿ, ಒಣಗುತ್ತ ಕಪ್ಪು. “ಯಾವ್ದು ಒಳ್ಳೇದು?” ಎಂಬ ನನ್ನ ಎರಡನೇ ಚೀಟಿಗೆ ಅವರು, “ನಾನು ಮಾರೋನಮ್ಮ, ಬರೆಯೋನಲ್ಲ” ಎಂದರು.

ಕಾಗದದ ಪಟ್ಟಿಗಳಲ್ಲಿ ಬರೆದು, ಒಣಗಿಸಿ, ಲೋಟದ ನೀರಿನಲ್ಲಿ ಅದ್ದಿ, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಪರ್ಮನೆಂಟ್ ಎನ್ನಿಸಿಕೊಂಡದ್ದು ಹೊಗೆಯಂತೆ ಹರಡಿತು. ಬಿಸಿಲಿಗೆ ಮಾಸುವುದಿಲ್ಲ ಎಂಬರ್ಥದಲ್ಲಿ ಅದು ಪರ್ಮನೆಂಟ್ ಇರಬೇಕು, ನೀರಿನ ವಿಷಯ ಅವರು ಹೇಳಿಯೇ ಇಲ್ಲ. ನೀಲಿಗಪ್ಪು ಮಾತ್ರ ಅಲುಗಲಿಲ್ಲ. ಅಮ್ಮ ಒಗೆದ ಬಟ್ಟೆಗಳ ನಡುವೆ ಪಟ್ಟಿಗಳನ್ನು ನೋಡಿ, “ಇದನ್ನೂ ಇಸ್ತ್ರಿ ಮಾಡ್ಬೇಕಾ?” ಎಂದು ಕೇಳಿದಳು. ಅಪ್ಪ ತಂತಿಯ ಹತ್ತಿರ ಹೋಗಿ ಒಂದೊಂದನ್ನೂ ಮೀನಿನ ಕಿವಿರು ನೋಡುವಂತೆ ಎತ್ತಿ ನೋಡಿದ.

ಈ ಸಾಲುಗಳನ್ನು ನೀಲಿಗಪ್ಪಿನಲ್ಲೇ ಬರೆಯುತ್ತಿದ್ದೇನೆ.

ನವೆಂಬರ್ 7

ಆಗಲಿಲ್ಲ.

ಮನೆಯಲ್ಲಿ ಚೀಟಿ ಒಣಗಲು ಗಂಟೆಗಟ್ಟಲೆ ಬಿಟ್ಟಿದ್ದೆ. ಅಲ್ಲಿ ಬರೆದು ಉಸಿರು ಬಿಡುವಷ್ಟರಲ್ಲಿ ಐಸಿನ ಮೇಲೆ ಬೀಳುತ್ತದೆ. ಶುದ್ಧ ನೀರಲ್ಲ, ಉಪ್ಪು, ರಕ್ತ, ಮೀನಿನ ಲೋಳೆ. ಶಾಯಿ ಕಪ್ಪಾಗುವ ಮೊದಲೇ ನೀಲಿಯೆಲ್ಲ ಹೋಗಿ, ಉಳಿದದ್ದು ಬೂದಿ ಬಣ್ಣದ ಗೀರು. ನಾನು ಲೋಟದ ನೀರಿನಲ್ಲಿ ಪರೀಕ್ಷೆ ಮಾಡಿದ್ದೆ. ಓದಿದವರು ಮಾಡುವ ಕೆಲಸ.

ಕಟ್ಟೆಯಿಂದ ಕಹಳೆ, “ಈ ಕ್ರೇಟು ಎಷ್ಟು? ಹೇಳ್ರೀ!” ಎಂದು ಕೂಗಿದ. ಬರೆದ ತೂಕವೆಲ್ಲ ಅಪ್ಪನಿಗೆ ನೆನಪಿರುತ್ತದೆ. ಹರಾಜಿನವರ ಬೆರಳು ಸನ್ನೆಯಲ್ಲಿ ನನಗೆ ತೋರಿಸಿದ. ಚಿಕ್ಕಂದಿನಿಂದ ನೋಡಿದ್ದರಿಂದ ನನಗೆ ಗೊತ್ತು. ಹೇಳಿದೆ. ಯಾರಿಗೂ ಕೇಳಲಿಲ್ಲ. ಮುಂದೆಯೇ ನಿಂತಿದ್ದ ಕೊಡೆಯಕ್ಕ (ಚಾವಣಿ ಸೋರುತ್ತದೆಂದು ಮಾರುಕಟ್ಟೆಯ ಒಳಗೂ ಕೊಡೆ ಬಿಚ್ಚಿಕೊಂಡೇ ಮೀನು ಕೊಳ್ಳುವಾಕೆ) ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಪರೇಷನ್ ಆಗಿದ್ದು ಅಪ್ಪಂಗೋ ಮಗಳಿಗೋ?” ಎಂದಳು. ಅಪ್ಪ ನನ್ನ ಅಂಗೈ ಹಿಡಿದೆಳೆದು ಅದರ ಮೇಲೆ ಬರೆದ: ಜೋರಾಗಿ.

ಇನ್ನೊಮ್ಮೆ ಹೇಳಿದೆ. ಕೊಡೆಯಕ್ಕನಿಗೆ ಕೇಳಿಸಿತು. ಅವಳು ಕಹಳೆಗೆ ದಾಟಿಸಿದಳು.

ಅಂಗೈ ತೊಳೆದೆ. ಸುಲಭವಾಗಿ ಹೋಯಿತು.

ನವೆಂಬರ್ 11, ಮಂಗಳವಾರ

ಚಿತ್ರಕಾರರ ಸಾಮಾನಿನ ಅಂಗಡಿಯಲ್ಲಿ ಒಂದು ಪುಟ್ಟ ಬಾಟಲಿ ಸಿಕ್ಕಿತು. ಮೈಮೇಲೆ ದೊಡ್ಡ ಅಕ್ಷರಗಳಲ್ಲಿ ‘ಜಲನಿರೋಧಕ’ ಎಂದಿದೆ. ಕಾಡಿಗೆಯಂಥ ಕಪ್ಪು. ಈ ಸಲ ಬುದ್ಧಿ ಬಂದಿತ್ತು. ಮಾರುಕಟ್ಟೆಯಿಂದ ಕ್ರೇಟಿನಡಿಯ ನೀರನ್ನೇ ಸೀಸೆಯಲ್ಲಿ ತುಂಬಿ ತಂದಿದ್ದೆ. ಅಮ್ಮ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಅಟ್ಟಿದಳು. ಬರೆದ ತಕ್ಷಣ ಅದ್ದಿದೆ, ತಿಕ್ಕಿದೆ, ಉಗುರಿನಲ್ಲಿ ಕೆರೆದೆ. ಅಕ್ಷರ ಕದಲಲಿಲ್ಲ.

ಅಪ್ಪ ಬಾಟಲಿಯ ಮುಚ್ಚಳಕ್ಕೆ ಅಂಟಿದ್ದ ಹಸಿ ಶಾಯಿಯನ್ನು ನಾಲಿಗೆಯಿಂದ ನೆಕ್ಕಿಯೂ ನೋಡಿದ. ಆಮೇಲೆ ಕಪ್ಪಾದ ನಾಲಿಗೆ ಚಾಚಿ ಅಮ್ಮನನ್ನು ಹೆದರಿಸಿದ. “ಥೂ! ಈ ವಯಸ್ಸಲ್ಲಿ ನಿಮ್ಗೆ ಮಂಗಾಟ ಬೇಕೇನ್ರೀ?” ಎಂದಳು. ಹೊರಗೆ ಹೋಗಿ ನಕ್ಕಳು, ನನಗೆ ಕಾಣಿಸಿತು.

ನವೆಂಬರ್ 13

ಒಂದು ಚೀಟಿಯೂ ಹೋಗಲಿಲ್ಲ. ಕಹಳೆ ಓದಿದ, ಜನ ಕೊಂಡರು, ಯಾರೂ ಜಗಳವಾಡಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ನವೆಂಬರ್ 15, ಶನಿವಾರ

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ನು ಸತ್ತಿದೆ.

ನಿನ್ನೆ ನಸುಕಿನಲ್ಲಿ ತೆರೆದಾಗ ಬರೆಯಲಿಲ್ಲ. ಕೊಡವಿದೆವು, ಬಿಸಿನೀರಿನಲ್ಲಿ ಇಟ್ಟೆವು. ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಅಡಿಯಲ್ಲಿ ಇರುವೆಸಾಲಿನಂಥ ಅಕ್ಷರ: ಅರಗು ಬೆರೆಸಿದೆ, ಕಡ್ಡಿಯನ್ನು ಅದ್ದಿ ಬರೆಯುವುದಕ್ಕೆ ಮಾತ್ರ, ಪೆನ್ನಿಗೆ ತುಂಬಬಾರದು. ದೊಡ್ಡಕ್ಷರ ಓದಿ ಕುಣಿದವಳು ಸಣ್ಣಕ್ಷರ ಓದಲಿಲ್ಲ. ಒಳಗಿನ ನಾಳವೆಲ್ಲ ಕಲ್ಲಾಗಿದೆ. ನಿಬ್ಬನ್ನು ಕೀಳಲು ಹೋಗಿ ಮುರಿದೆ.

ಅಪ್ಪನಿಗೆ ಬೈಯಲೂ ಬಾಯಿಲ್ಲ. ಮುರಿದ ನಿಬ್ಬನ್ನು ನನ್ನ ಕೈಯಿಂದ ತೆಗೆದು, ಕಿಟಕಿಯ ಮೇಲಿಟ್ಟು, ತಲೆ ಸವರಿದ. ಬೈದಿದ್ದರೆ ಚೆನ್ನಾಗಿತ್ತು.

ಪೆನ್ನಿಲ್ಲದೆ ಎರಡು ದಿನ ಚೀಟಿಯಿಲ್ಲ. ಬೇರೆ ದಾರಿ ಇರಲಿಲ್ಲವಾದ್ದರಿಂದ ಅಪ್ಪ ಬೆರಳು ತೋರಿಸಿದ, ನಾನು ಹೇಳಿದೆ. ಎಲ್ಲ ಕ್ರೇಟುಗಳನ್ನೂ ಹೇಳಬೇಕಾಯಿತು. ಗಂಟಲು ಕೆರೆಯುತ್ತಿದೆ. ನೆಗಡಿ ಬರುವ ಸೂಚನೆ.

ನವೆಂಬರ್ 22, ಶನಿವಾರ

ಹೊಸ ಪೆನ್ನು ಬಂತು, ಅಗ್ಗದ್ದು. ಸ್ಟೇಷನರಿ ಅಂಗಡಿಗೆ ಹೋಗಿ, ನುಣ್ಣಗೆ ಅರೆದ ಬಣ್ಣದ ಪುಡಿ ಬೆರೆಸಿದ, ಒಣಗಿದ ಮೇಲೆ ನೀರಿಗೆ ಹೋಗದ, ಆದರೆ ಅರಗು ಹಾಕದ, ಪೆನ್ನಿಗೆಂದೇ ಮಾಡಿದ ಶಾಯಿ ಬೇಕೆಂದೆ. ವಾಚನಾಲಯದಲ್ಲಿ ಒಂದು ಪತ್ರಿಕೆಯಲ್ಲಿ ಓದಿ ಇದನ್ನೆಲ್ಲ ತಿಳಿದುಕೊಂಡಿದ್ದೆ. ಅಜ್ಜ ಎರಡೂ ಕೈ ಎತ್ತಿ, “ಮೆಲ್ಲಗಮ್ಮಾ, ಮೆಲ್ಲಗೆ! ನನ್ ಕಿವಿ ಅಷ್ಟೊಂದೇನು ಕೆಟ್ಟಿಲ್ಲ” ಎಂದರು. ಪಾಪ, ಹೊಸ ಶ್ರವಣಯಂತ್ರ ಹಾಕಿಸಿಕೊಂಡಿರಬೇಕು. ತರಿಸಿಕೊಡುತ್ತೇನೆ, ತಡವಾಗುತ್ತದೆ ಎಂದರು.

ಅಲ್ಲಿಯವರೆಗೆ ನೀಲಿಗಪ್ಪು. ಅಪ್ಪ ಬರೆಯುತ್ತಾನೆ, ಅಳಿಯುತ್ತದೆ, ನಾನು ಹೇಳುತ್ತೇನೆ. ಆದರೂ ಪ್ರತಿ ಚೀಟಿಯನ್ನೂ ಅವನು ಸೊಟ್ಟಗಾಗದಂತೆ ಬರೆಯುತ್ತಾನೆ. ಅಳಿಸಿಹೋಗುವುದೆಂದು ಗೊತ್ತಿದ್ದೂ ಅಷ್ಟು ಚೆಂದ ಬರೆಯುವುದನ್ನು ಪಕ್ಕದಲ್ಲಿ ನಿಂತು ನೋಡುವುದು ಕಷ್ಟ.

ಡಿಸೆಂಬರ್ 2, ಮಂಗಳವಾರ

ಆಸ್ಪತ್ರೆ. ಅಪ್ಪನ ಕತ್ತಿನ ಎಡಗಡೆ ಹೊಸ ಗಂಟು. ಡಾಕ್ಟರು ಬೆರಳಿನಿಂದ ಬಹಳ ಹೊತ್ತು ಮುಟ್ಟಿ ನೋಡಿದರು. ಸ್ಕ್ಯಾನಿನ ಚಿತ್ರಗಳನ್ನು ದೀಪಕ್ಕೆ ಹಿಡಿದರು. “ಇನ್ನೊಂದ್ಸಲ ಕೊಯ್ಯೋಕಾಗಲ್ಲ. ನೋವು ಕಮ್ಮಿ ಮಾಡ್ಬಹುದು” ಎಂದರು. ಅಮ್ಮ ತನ್ನ ಚೀಲದ ಹಿಡಿಯನ್ನು ಸುತ್ತುತ್ತಲೇ ಇದ್ದಳು, ಬೆರಳು ಬೆಳ್ಳಗಾಗುವವರೆಗೆ.

ಅಪ್ಪ ಬರೆದು ತೋರಿಸಿದ: ಮಾರ್ಕೆಟ್ಟಿಗೆ ಹೋಗಬಹುದಾ?

“ಶಕ್ತಿ ಇರೋವರೆಗೂ ಹೋಗಿ.”

ಅಪ್ಪ ಡಾಕ್ಟರ ಕೈ ಕುಲುಕಿದ, ವ್ಯಾಪಾರ ಕುದುರಿದವರಂತೆ.

ಹೊರಗೆ ಬರುವಾಗ ಕಾಗದ ಕೊಡುವ ಕಿಟಕಿಯಲ್ಲಿ ನಮ್ಮನ್ನು ಬಿಟ್ಟು ಹಿಂದಿನವರನ್ನು ಕರೆದರು. ನಮ್ಮ ಸರದಿ ಎಂದು ಹೇಳಿದೆ. ಕೊಟ್ಟರು.

ಶಾಯಿ ಇನ್ನೂ ಬಂದಿಲ್ಲ.

ಡಿಸೆಂಬರ್ 9, ಮಂಗಳವಾರ

ಬಂತು! ಬಾಟಲಿಯ ಜೊತೆ ಮಡಿಸಿದ ಒಂದು ಕಾಗದವೂ ಇತ್ತು. ಈ ಸಲ ಸಣ್ಣಕ್ಷರವನ್ನೆಲ್ಲ ಓದಿದೆ. ದಿನವೂ ಬರೆಯಬೇಕು, ಮುಚ್ಚಳ ತೆರೆದಿಡಬಾರದು, ಬರೆಯದೆ ಬಿಟ್ಟರೆ ನಿಬ್ಬಿನಲ್ಲೇ ಗಟ್ಟಿಯಾಗುತ್ತದೆ. ಅಪ್ಪನಿಗೆ ಪೆನ್ನು ಮುಚ್ಚುವ ಅಭ್ಯಾಸವೇ ಇಲ್ಲ. “ಮುಚ್ಚಳ, ಅಪ್ಪಾ, ಮುಚ್ಚಳ!” ಎಂದು ನಾನು ಹೇಳುವುದು, ಅವನು ಕೈ ಮುಗಿಯುವುದು.

ಆದರೆ ಮೊದಲ ಪರೀಕ್ಷೆಯಲ್ಲೇ ಕೈಗೆ ಮೆತ್ತಿಕೊಂಡಿತು. ಆಮೇಲೆ ಗೊತ್ತಾಯಿತು, ತಪ್ಪು ಶಾಯಿಯದಲ್ಲ. ಮಾರುಕಟ್ಟೆಯ ಚೀಟಿ ನುಣುಪು ಕಾಗದದ್ದು, ಹೊಳೆಯುತ್ತದೆ. ಶಾಯಿ ಅದರೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಇಳಿಯಲು ಒರಟು ಕಾಗದ ಬೇಕು. ಮನೆಯೆಲ್ಲ ಹುಡುಕಿ, ಚಪ್ಪಲಿ ಡಬ್ಬಗಳ ಒಳಮೈಯಲ್ಲಿ ಬರೆದು ನೋಡಿದೆ. ಆ ರಟ್ಟು ಶಾಯಿಯನ್ನು ಎಷ್ಟು ಬೇಗ ಕುಡಿಯಿತೆಂದರೆ, ಊದುವ ಮೊದಲೇ ಒಣಗಿತ್ತು. ಕ್ರೇಟಿನ ನೀರಿಗೆ ಹಾಕಿದರೆ ರಟ್ಟು ಮೆತ್ತಗಾಯಿತು, ಅಕ್ಷರ ಹಾಗೇ ಇತ್ತು.

ಸಂಜೆ ಮೂವರೂ ನೆಲದ ಮೇಲೆ ಕೂತು ರಟ್ಟು ಕತ್ತರಿಸಿದೆವು. ನಾನು ಚಪ್ಪಲಿ ಅಂಗಡಿಯವರನ್ನೆಲ್ಲ ಕೇಳಿ ಹಳೆಯ ಡಬ್ಬಗಳನ್ನು ಹೊತ್ತು ತಂದಿದ್ದೆ. ಅಮ್ಮ ಕತ್ತರಿಸುತ್ತ, “ಇಷ್ಟು ಡಬ್ಬ ನೋಡಿದವ್ರು ನಮ್ಮನೇಲಿ ಜರಿಹುಳಕ್ಕೆ ಚಪ್ಪಲಿ ತಂದಿದ್ದಾರೆ ಅಂದ್ಕೋತಾರೆ” ಎಂದಳು. ಅಪ್ಪನ ಭುಜ ಕುಣಿಯಿತು. ಬಹಳ ದಿನಗಳ ಮೇಲೆ ಮನೆಯಲ್ಲಿ ಮನೆಯಂಥ ಹೊತ್ತು.

ಕತ್ತಿನ ಗಂಟು ಈಗ ಅಂಗಿಯ ಕಾಲರಿನ ಮೇಲೆ ಕಾಣುತ್ತದೆ.

ಡಿಸೆಂಬರ್ 14, ಭಾನುವಾರ

ಶಾಯಿ ಗೆದ್ದಿತು. ಕೊಡೆಯಕ್ಕ ಒಂದು ಚೀಟಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಹೆಬ್ಬೆರಳಿನಲ್ಲಿ ತಿಕ್ಕಿ, “ನನ್ ಗಂಡನ ಹಟದ ಥರ ಇದೆ, ಏನ್ ಮಾಡಿದ್ರೂ ಹೋಗಲ್ಲ” ಎಂದು ಸರ್ಟಿಫಿಕೇಟು ಕೊಟ್ಟಳು.

ಆದರೆ ಒಂದು ವಿಚಿತ್ರ. ಚೀಟಿಗಳನ್ನು ಯಾರೂ ತೆಗೆದು ನೋಡುತ್ತಿಲ್ಲ. ಕ್ರೇಟು ತಕ್ಕಡಿಯಿಂದ ಇಳಿಯುವ ಮೊದಲೇ ಕಹಳೆ ನನ್ನ ಕಡೆ ನೋಡುತ್ತಾನೆ, ನಾನು ಹೇಳುತ್ತೇನೆ, ಅವನು ಹರಾಜು ಶುರುಮಾಡುತ್ತಾನೆ. ಅಷ್ಟು ದಿನ ಅಳಿದ ಚೀಟಿ ನೋಡಿ ಬೇಸತ್ತು ಜನಕ್ಕೆ ನಂಬಿಕೆ ಹೋಗಿರಬೇಕು. ಮೆಲ್ಲಗೆ ಬಂದೀತು. ಅಷ್ಟು ಚೆಂದದ ಅಕ್ಷರ ಐಸಿನ ಮೇಲೆ ಸುಮ್ಮನೆ ಕೂತಿತ್ತು.

ಅಪ್ಪ ಇವತ್ತು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ ಕೂತಿದ್ದ. ಏನಪ್ಪಾ ಎಂದೆ. ಮುಂದಿನ ಕ್ರೇಟಿನ ಕಡೆ ಬೆರಳು ತೋರಿಸಿದ.

ಡಿಸೆಂಬರ್ 20, ಶನಿವಾರ

ಹರಾಜು ಮುಗಿದು ನೆಲ ತೊಳೆಯುತ್ತಿದ್ದರು. ಕಾರ್ಯದರ್ಶಿಗಳು ಬಂದು ಅಪ್ಪನ ಸ್ಟೂಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ದೊಡ್ಡವರು ಹಾಗೆ ಕೂತರೆ ಒಳ್ಳೆಯ ಸುದ್ದಿ ಇರುವುದಿಲ್ಲ.

“ಅಣ್ಣಾ, ಪ್ರಿಂಟರ್ ಬೇಡ ಅಂತ ತೀರ್ಮಾನ ಆಯ್ತು” ಎಂದರು. ಅಪ್ಪ ಮುಖವೆತ್ತಿದ. “ಚೀಟೀನೂ ಬೇಡ. ಯಾರೂ ನೋಡ್ತಾ ಇಲ್ಲ. ನಿನ್ ಮಗಳು ತಕ್ಕಡಿ ಹತ್ರ ನಿಂತು ಹೇಳ್ತಾಳಲ್ಲ, ಅಷ್ಟು ಸಾಕು. ಅಂಕಿ ಯಂತ್ರದಲ್ಲೇ ಕಾಣುತ್ತೆ, ಅವಳೇ ನೋಡಿ ಹೇಳ್ತಾಳೆ. ಕೆಲಸ ಅವಳ ಹೆಸರಿಗೆ ಮಾಡ್ತೀವಿ. ನೀನು ಮನೇಲಿ ಆರಾಮಾಗಿರು. ಈ ತಣ್ಣೀರಲ್ಲಿ, ಈ ಥಂಡೀಲಿ ಯಾಕೆ ಒದ್ದಾಡ್ತೀಯಾ?”

ಅದು ಆಗುವುದಿಲ್ಲ, ಈಗ ಶಾಯಿ ಸಿಕ್ಕಿದೆ, ಒಂದು ಚೀಟಿಯಾದರೂ ಅಳಿದಿದೆಯೇ ತೋರಿಸಿ ಎಂದು ನಾನು ಹೇಳಿದೆ. ಕಾರ್ಯದರ್ಶಿಗಳು ಎದ್ದು ನಿಂತರು. ನೆಲ ತೊಳೆಯುವವರು ಪೈಪು ಹಿಡಿದೇ ತಿರುಗಿ ನೋಡಿದರು, ಕಟ್ಟೆಯ ಕೊನೆಯಲ್ಲಿದ್ದ ಕೊಡೆಯಕ್ಕ ಕೊಡೆ ಮಡಚಿ ನೋಡಿದಳು. ಎಲ್ಲರೂ ಅಪ್ಪನನ್ನು ಹೇಗೆ ನೋಡುತ್ತಿದ್ದರೆಂದರೆ ನನಗೆ ಅಳು ಬಂತು. ಕಾರ್ಯದರ್ಶಿಗಳು ಮೆಲ್ಲಗೆ, “ನೋಡಣ್ಣಾ, ನಾನು ಹೇಳಿದ್ದು ಇದನ್ನೇ” ಎಂದರು. ಏನನ್ನು ಹೇಳಿದ್ದು?

ಅಪ್ಪ ಪೆನ್ನಿನ ಮುಚ್ಚಳ ಹಾಕಿದ. ನಾನು ಹೇಳದೆಯೇ ಹಾಕಿದ, ಮೊದಲ ಸಲ. ಅದನ್ನು ನನ್ನ ಚೀಲದಲ್ಲಿಟ್ಟು, ಸ್ಟೂಲನ್ನು ತಾನೇ ಎತ್ತಿ ಗೋಡೆಗೆ ಒರಗಿಸಿದ.

ಹೊರಗೆ ಬರುವಾಗ ಚರಂಡಿಯಲ್ಲಿ ಇವತ್ತಿನ ಚೀಟಿಗಳು ತೇಲಿ ಹೋಗುತ್ತಿದ್ದವು. ನಿಂತು ನೋಡಿದೆ. ಬಂಗುಡೆ. ಸಿಗಡಿ. ಏಡಿ. ಎಲ್ಲವನ್ನೂ ಓದಲು ಬರುತ್ತಿತ್ತು.

ಈ ಶಾಯಿ ಸ್ವಲ್ಪ ಮೊದಲೇ ಸಿಕ್ಕಿದ್ದರೆ. ಆ ಅರಗಿನ ಬಾಟಲಿಯ ಹಿಂದೆ ಬಿದ್ದು ದಿನ ಹಾಳುಮಾಡದೆ ಇದ್ದಿದ್ದರೆ. ತಡ ಮಾಡಿದ್ದು ನಾನು. ಇಷ್ಟೇ ಕಾರಣ, ಬೇರೇನೂ ನನಗೆ ತೋರುತ್ತಿಲ್ಲ.

ಡಿಸೆಂಬರ್ 21

ನಾನಿನ್ನು ಅಲ್ಲಿಗೆ ಹೋಗುವುದಿಲ್ಲ ಎಂದೆ. ಅಪ್ಪ ಒಂದು ರಟ್ಟಿನ ಚೂರಿನ ಮೇಲೆ ಬರೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿದ: ನಾಳೆ ಹೋಗು.

ಹರಿದು ಹಾಕಿದೆ. ಇನ್ನೊಂದು ಬರೆದ: ರಟ್ಟು ಬೇಕಾದಷ್ಟಿದೆ.

ಜನವರಿ 1, ಗುರುವಾರ

ಹೋಗುತ್ತಿದ್ದೇನೆ. ಬರೆಯುವಂಥದ್ದೇನಿಲ್ಲ.

ಸಂಜೆ ಬಂದ ಮೇಲೆ ಅಪ್ಪ ರಟ್ಟಿನಲ್ಲಿ ಕೇಳುತ್ತಾನೆ. ಅಂಜಲ್ ಮೀನು ಬಂತಾ? ಕಹಳೆ ಅವಸರ ಮಾಡ್ತಾನಾ? ಕೊಡೆಯಕ್ಕ ಏನಂದಳು? ನಾನು ಹೇಳುತ್ತೇನೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಾನೆ. ದಿನವೂ ಬರೆಯದಿದ್ದರೆ ಪೆನ್ನು ಒಣಗುತ್ತದಲ್ಲ, ಅದಕ್ಕಾಗಿ ಬರೆಯುತ್ತೇನೆ ಎಂದು ಅಮ್ಮನಿಗೆ ನೆಪ ಹೇಳುತ್ತಾನೆ. ಸಾಲುಗಳು ದಿನದಿನಕ್ಕೆ ಗಿಡ್ಡವಾಗುತ್ತಿವೆ. ‘ಅಂಜಲ್ ಮೀನು ಬಂತಾ’ ಎಂಬುದು ‘ಅಂಜಲ್?’ ಆಗಿದೆ. ಈ ಶಾಯಿಯಲ್ಲಿ ತಪ್ಪೇನೂ ಇಲ್ಲ. ಬರೆಯಲು ಇನ್ನು ಹೆಚ್ಚೇನೂ ಉಳಿದಿಲ್ಲ, ಅಷ್ಟೇ.

ಅಮ್ಮನಿಗೆ ನಿದ್ದೆ ಸಾಲದು, ಸಣ್ಣ ಸದ್ದಿಗೂ ಬೆಚ್ಚುತ್ತಾಳೆ. ಇವತ್ತು ಸಕ್ಕರೆ ಡಬ್ಬ ಎಲ್ಲಿ ಎಂದು ಕೇಳಿದ್ದಕ್ಕೆ, “ಪಕ್ಕದಲ್ಲೇ ನಿಂತಿದ್ದೀನಲ್ಲೇ, ಯಾಕೆ ಕಿರುಚ್ತೀಯಾ? ನಂಗೇನು ಕಿವುಡಾ?” ಎಂದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬಾರದು.

ಜನವರಿ 6

ಅಪ್ಪನಿಗೆ ನೀರು ಮಾತ್ರ ಇಳಿಯುತ್ತದೆ, ಅದೂ ಚಮಚದಲ್ಲಿ. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಅವನು ಮಂಚ ತಟ್ಟಿದ್ದು ಕೇಳಲಿಲ್ಲ. ರಟ್ಟು ಕೈಗೆಟುಕದೆ, ಹಾಸಿಗೆಯ ಮೇಲಿನ ಬಿಳಿ ಹೊದಿಕೆಯ ಅಂಚಿನಲ್ಲೇ ಬರೆದಿದ್ದ. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

ಏ ಮೂಗಿ. ನೀರು.

ಓದಿದವಳು ಅಮ್ಮ. “ರೀ! ಈ ಮಾತು ಬೇಡ ಅಂದಿಲ್ವಾ? ಮೇಲಿಂದ ಒಳ್ಳೇ ಹೊದಿಕೆ ಹಾಳು ಮಾಡಿದ್ರಿ!” ಎಂದು ಬೈದು, ನೀರು ಕುಡಿಸಿ, ಬಾಯಿ ಒರೆಸಿದಳು. ಅಪ್ಪನ ಎಡಭುಜ ಸ್ವಲ್ಪ ಅಲುಗಿತು.

ಪೆನ್ನು ಕೈಯಿಂದ ಜಾರಿ ಮಂಚದಡಿ ಹೋಗಿತ್ತು. ಹುಡುಕಿ ಮುಚ್ಚಳ ಹಾಕಿದೆ.

ಜನವರಿ 12, ಸೋಮವಾರ

ಅಪ್ಪ ಬೆಳಿಗ್ಗೆ ತೀರಿಕೊಂಡ. ನಾನು ತಕ್ಕಡಿಯ ಹತ್ತಿರ ಇದ್ದೆ. ಬಂಗುಡೆ ಬಂದಿತ್ತು.

ಜನವರಿ 18, ಭಾನುವಾರ

ಇಷ್ಟು ದಿನ ಪೆನ್ನು ಮುಟ್ಟಿರಲಿಲ್ಲ. ಕಲ್ಲಾಗಿರುತ್ತದೆ ಎಂದುಕೊಂಡೆ. ನಿಬ್ಬನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎಳೆದೆ. ಮೊದಲು ಖಾಲಿ ಗೀರು, ಆಮೇಲೆ ಬರೆಯಿತು.

ಕಹಳೆಯೂ ಕೊಡೆಯಕ್ಕನೂ ಬಂದಿದ್ದರು. ಕೊಡೆಯಕ್ಕ ಕೊಡೆಯನ್ನು ಹೊರಗೇ ಬಿಟ್ಟು ಬಂದು, ಅಮ್ಮನ ಪಕ್ಕ ಕೂತಳು. ಏಳುವಾಗ ನನ್ನ ಕೆನ್ನೆ ತಟ್ಟಿ, “ಥೇಟು ಅವನೇ” ಎಂದಳು. ಮೂಗು ಅಪ್ಪನದು ಎಂದು ಎಲ್ಲರೂ ಹೇಳುತ್ತಾರೆ. ನಾಳೆಯಿಂದ ಕೆಲಸಕ್ಕೆ ಬಾ ಎಂದು ಕಹಳೆ ಹೇಳಿದ. ಹೋಗುತ್ತೇನೆ. ಹೋಗದೆ ಮಾಡುವುದೇನು? ಆ ಸ್ಟೂಲು ಇನ್ನೂ ಗೋಡೆಗೆ ಒರಗಿಕೊಂಡೇ ಇದೆಯಂತೆ. ಅದನ್ನು ದಿನವೂ ನೋಡಬೇಕು.

ಅವರು ಹೋದ ಮೇಲೆ ಅಮ್ಮ ಅಪ್ಪನ ಬಟ್ಟೆ, ದಿಂಬಿನ ಚೀಲ, ಹೊದಿಕೆ ಎಲ್ಲವನ್ನೂ ಹಿತ್ತಿಲಿಗೆ ಹಾಕಿಕೊಂಡು ಒಗೆಯಲು ಕೂತಳು. ಆ ಬಿಳಿ ಹೊದಿಕೆಯ ಅಂಚನ್ನು ಸೋಪು ಹಚ್ಚಿ ಕಲ್ಲಿಗೆ ತಿಕ್ಕಿದಳು, ಬ್ರಷ್ಷಿನಲ್ಲಿ ಉಜ್ಜಿದಳು, ಬಿಸಿನೀರು ಸುರಿದಳು. ಹಿಂಡಿ, ತಂತಿಯ ಮೇಲೆ ಹರವಿದಳು. ನನ್ನ ಪಟ್ಟಿಗಳಿಗೆ ಹಾಕಿದ್ದ ಕ್ಲಿಪ್ಪುಗಳು ಇನ್ನೂ ಅಲ್ಲೇ ಇದ್ದವು. ಬಟ್ಟೆಯೆಲ್ಲ ಬೆಳ್ಳಗಾಗಿತ್ತು. ಅಂಚಿನಲ್ಲಿ ಆ ಎರಡು ಮಾತು ಹಾಗೇ ಇದ್ದವು, ಒದ್ದೆ ಬಟ್ಟೆಯ ಮೇಲೆ ಇನ್ನಷ್ಟು ಕಪ್ಪಾಗಿ.

ಅಮ್ಮ ಸೋಪಿನ ಕೈಯಲ್ಲೇ ನಿಂತು ನೋಡಿದಳು. “ಹೋಗ್ತಾನೇ ಇಲ್ವಲ್ಲೇ” ಎಂದಳು.

“ಅದು ಹೋಗಲ್ಲಮ್ಮ” ಎಂದೆ.

ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಯಾಕೆಂದು ತಿಳಿಯಲಿಲ್ಲ.